ನನ್ನ ಎಂಜಿಬಿಗೆ ಟೈರ್ ಹುಡುಕಿದ್ದು, ಕೊನೆಗೆ ಸ್ವಿಫ್ಟ್ ಸೈಜೇ ಸರಿಹೋಗಿದ್ದು

ಕೊಡಗಿನ ಸಿದ್ದಾಪುರದ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ ಇದೆ. ಅಲ್ಲಿನ ಶೆಡ್ಡಿನಲ್ಲಿ 1971ರ ಎಂಜಿಬಿ ರೋಡ್‌ಸ್ಟರ್ (ಬ್ರಿಟನ್ನಿನ ಎರಡು ಸೀಟಿನ ಹಳೇ ಓಪನ್ ಸ್ಪೋರ್ಟ್ಸ್ ಕಾರು) ಎಷ್ಟೋ ವರ್ಷ ಸುಮ್ನೆ ನಿಂತಿತ್ತು. ಎಂಜಿನ್ ಆಯ್ತು, ಬ್ರೇಕ್ ಆಯ್ತು, ಉಳಿದಿದ್ದು ಚಕ್ರ ಮತ್ತು ಟೈರ್. ಒಂದು ದಿನದ ಕೆಲಸ ಅಂದುಕೊಂಡಿದ್ದೆ. ಇಡೀ ಬೇಸಿಗೆ ಹಿಡಿಯಿತು.

ಹಳೇ ಟೈರ್‌ಗಳಲ್ಲಿ ಬಟನ್ (ರಸ್ತೆಗೆ ತಾಗುವ ಗೆರೆಗಳ ಅಚ್ಚು) ಚೆನ್ನಾಗಿಯೇ ಇತ್ತು. ಆದರೆ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿ 1809. ಅಂದರೆ 2009ರ 18ನೇ ವಾರ ತಯಾರಾದದ್ದು. ರಬ್ಬರ್ ಗಟ್ಟಿಯಾಗಿತ್ತು, ಕೂದಲೆಳೆಯಂಥ ಬಿರುಕುಗಳು ಬಿದ್ದಿದ್ದವು. ನಮ್ಮ ಮಳೆಯಲ್ಲಿ ಇಂಥ ಟೈರ್ ನಂಬಬಾರದು. ಬಟನ್ ಎಷ್ಟೇ ಇರಲಿ.

ಮೊದಲು ನಾನು ತಂದಿದ್ದು ಸೆಕೆಂಡ್ ಹ್ಯಾಂಡ್ ಅಲಾಯ್, 15 ಇಂಚಿನದು, 6 ಇಂಚು ಅಗಲ. ಎಂಜಿಬಿಯ ಸ್ಟೀಲ್ ಚಕ್ರಕ್ಕೆ ನಾಲ್ಕು ಬೋಲ್ಟ್, ಪಿಸಿಡಿ (ಬೋಲ್ಟ್ ಕೂತಿರುವ ವೃತ್ತದ ವ್ಯಾಸ) 114.3 ಮಿ.ಮೀ. ಅಲಾಯ್‌ನದೂ ಅಷ್ಟೇ. "ಬೋಲ್ಟ್ ಕೂತರೆ ಚಕ್ರ ಕೂತ ಹಾಗೆ" ಅಂದರು ಅಂಗಡಿಯವರು. ಕೂತಿತು ನಿಜ. ತೋಟದ ಗೇಟು ದಾಟಿ ಮೊದಲ ಗುಂಡಿಗೆ ಇಳಿದಾಗಲೇ ಹಿಂದಿನ ಟೈರ್ ಲೀಫ್ ಸ್ಪ್ರಿಂಗಿಗೆ ಉಜ್ಜುವ ಸದ್ದು ಬಂತು.

ಕಾರಣ ಆಫ್‌ಸೆಟ್. ಅಂದರೆ ಚಕ್ರ ಹಬ್ಬಿಗೆ (ಆಕ್ಸಲ್ ತುದಿಯ ಭಾಗಕ್ಕೆ) ಕೂರುವ ಜಾಗ ರಿಮ್ಮಿನ ನಡುಗೆರೆಯಿಂದ ಎಷ್ಟು ಹೊರಗಿದೆ ಅನ್ನೋದು. ಅದು ಜಾಸ್ತಿಯಾದಷ್ಟೂ ಚಕ್ರ ಒಳಗೆ ಸರಿಯುತ್ತದೆ. ಅಲಾಯ್ ಮೇಲೆ ಇಟಿ 40, ಅಂದರೆ ಆಫ್‌ಸೆಟ್ 40 ಮಿ.ಮೀ., ಅಂತ ಅಚ್ಚಿತ್ತು. ನನ್ನ ಹಳೇ ಚಕ್ರದ್ದು ಎಷ್ಟು ಅಂತ ಆಗ ಕೂತು ಅಳೆದೆ. ಚಕ್ರವನ್ನು ಮುಖ ಕೆಳಗೆ ಮಾಡಿ ಮಲಗಿಸಿ, ರಿಮ್ಮಿನ ಒಳ ಅಂಚಿನ ಮೇಲೆ ಅಡ್ಡಲಾಗಿ ಒಂದು ನೇರ ಪಟ್ಟಿ ಇಟ್ಟು, ಅಲ್ಲಿಂದ ಹಬ್ಬಿಗೆ ಕೂರುವ ಜಾಗದವರೆಗೆ ಅಳೆದರೆ 98 ಮಿ.ಮೀ. ಬಂತು. ಅಂಚಿನಿಂದ ಅಂಚಿಗೆ ರಿಮ್ಮಿನ ಪೂರ್ತಿ ಅಗಲ 152, ಅದರ ಅರ್ಧ 76. ಕಳೆದರೆ 22. ಅಂದರೆ ಅಲಾಯ್ ಹಾಕಿದಾಗ ಚಕ್ರ 18 ಮಿ.ಮೀ. ಒಳಗೆ ಸರಿಯಿತು. ಅಂಚು ಬಿಟ್ಟು ಟೈರ್ ಕೂರುವ ಜಾಗದ ಅಗಲ ಹಳೇದಕ್ಕೆ 5 ಇಂಚು, ಇದಕ್ಕೆ 6 ಇಂಚು ಆದ್ದರಿಂದ ಇನ್ನೂ ಅರ್ಧ ಇಂಚು ಒಳಗೆ ಬಂತು. ಒಟ್ಟು 30 ಮಿ.ಮೀ. ಮೇಲೆ. ಉಜ್ಜದೆ ಇರುತ್ತಾ? ಅಲಾಯ್ ವಾಪಸ್ ಕೊಟ್ಟೆ, ಕಾರಿನ ಜೊತೆ ಬಂದಿದ್ದ ರೋಸ್ಟೈಲ್ ಸ್ಟೀಲ್ ಚಕ್ರಗಳನ್ನೇ ಉಜ್ಜಿ ಬಣ್ಣ ಹೊಡೆಸಿದೆ. ತಂತಿ ಕಡ್ಡಿಯ ಚಕ್ರ ನೋಡೋಕೆ ಬಹಳ ಚಂದ, ಆಸೆಯೂ ಇತ್ತು. ಆದರೆ ಅದಕ್ಕೆ ಹಬ್ಬೇ ಬೇರೆ, ಹಿಂದಿನ ಆಕ್ಸಲ್ ಕೂಡ ಗಿಡ್ಡ, ಟ್ಯೂಬ್ ಬೇರೆ ಬೇಕು. ಬಿಟ್ಟೆ.

ಆಮೇಲೆ ಟೈರ್. ಕಂಪನಿಯವರು ಆಗ ಕೊಡುತ್ತಿದ್ದ ಸೈಜುಗಳಲ್ಲಿ ಒಂದು 165 ಆರ್14, ಅಂದರೆ 165 ಮಿ.ಮೀ. ಅಗಲ, 14 ಇಂಚಿನ ರಿಮ್ಮಿಗೆ. ಎತ್ತರದ ಅಂಕಿ ಬರೆಯದ ಹಳೇ ಸೈಜು ಅದು, 80 (ಪಕ್ಕದ ಎತ್ತರ ಅಗಲದ 80 ಪರ್ಸೆಂಟ್) ಅಂತ ಲೆಕ್ಕ ಹಿಡಿದರೆ ಟೈರಿನ ವ್ಯಾಸ ಸುಮಾರು 620 ಮಿ.ಮೀ. 185/70 ಹಾಕಿದರೆ 615, ತೊಂದರೆ ಇಲ್ಲ. 195/60 ಹಾಕಿದರೆ 590! ಆಗ ಕಾರು 15 ಮಿ.ಮೀ. ಕೆಳಗಿಳಿಯುತ್ತದೆ, ಸ್ಪೀಡೋಮೀಟರ್ ಸುಮಾರು 5 ಪರ್ಸೆಂಟ್ ಜಾಸ್ತಿ ತೋರಿಸುತ್ತದೆ. ಮೊದಲೇ ತಗ್ಗಾದ ಕಾರು, ನಮ್ಮ ತೋಟದ ದಾರಿಯಲ್ಲಿ ಸೈಲೆನ್ಸರ್ ಉಳಿಯೋದಿಲ್ಲ.

ಗೆಳೆಯರೊಬ್ಬರಿಂದ ಎರಡು 185/70 ಟೈರ್ ತಂದು ಹಿಂದೆ ಹಾಕಿ ನೋಡಿದೆ. ಮಡ್‌ಗಾರ್ಡಿನ ಒಳ ಅಂಚಿಗೆ ಒದ್ದೆ ಸೀಮೆಸುಣ್ಣ ದಪ್ಪಗೆ ಬಳಿದೆ. ಡಿಕ್ಕಿಯಲ್ಲಿ 50 ಕೆ.ಜಿ.ಯ ಒಂದು ಕಾಫಿ ಚೀಲ, ಸೀಟಿನ ಹಿಂದೆ ಇನ್ನೊಂದು, ಪಕ್ಕದಲ್ಲಿ ತಮ್ಮ. ಲೈನ್ ಮನೆ (ತೋಟದ ಕಾರ್ಮಿಕರ ಸಾಲುಮನೆ) ಕಡೆ ಹೋಗುವ ಹಳ್ಳಕೊಳ್ಳದ ದಾರಿಯಲ್ಲಿ ಎರಡು ಸುತ್ತು ಹೊಡೆದೆವು. ಬಲಗಡೆ ಸುಣ್ಣ ಹಾಗೇ ಇತ್ತು. ಎಡಗಡೆ ಬೆರಳಗಲ ಅಳಿಸಿಹೋಗಿತ್ತು. ಎಂಜಿಬಿಗಳಲ್ಲಿ ಹಿಂದಿನ ಎಡ ಚಕ್ರಕ್ಕೆ ಜಾಗ ಕಡಿಮೆ ಅಂತ ಕೇಳಿದ್ದೆ, ನನ್ನ ಕಾರಿನಲ್ಲಿ ಅದು ಕಣ್ಣಿಗೇ ಕಂಡಿತು. ಕೆಲವರು ಅಂಚನ್ನು ಸುತ್ತಿಗೆಯಿಂದ ಒಳಗೆ ಮಡಚುತ್ತಾರೆ. ಐವತ್ತು ವರ್ಷದ ತಗಡಿಗೆ ಹಾಗೆ ಮಾಡಲು ನನಗೆ ಮನಸ್ಸು ಬರಲಿಲ್ಲ.

ಕೊನೆಗೆ ಉಳಿದದ್ದು 165/80 ಆರ್14. ಇದು ಮಾರುತಿ ಸ್ವಿಫ್ಟ್‌ನ ಕೆಳಗಿನ ಮಾಡೆಲ್‌ಗಳಿಗೆ ಬರುತ್ತಿದ್ದ ಸೈಜೇ ಅಲ್ವಾ! ವಿದೇಶದಿಂದ ತರಿಸಬೇಕೇನೋ ಅಂತ ತಿಂಗಳುಗಟ್ಟಲೆ ಯೋಚಿಸಿದ್ದೆ. ಕುಶಾಲನಗರದಲ್ಲೇ ಸಿಕ್ಕಿತು. ತಯಾರಾದ ವಾರ ಓದಿ, ಒಂದೇ ಬ್ಯಾಚಿನ ಐದು ಆರಿಸಿಕೊಂಡೆ. ಐದನೆಯದು ಸ್ಪೇರಿಗೆ. ಅದೂ ಇದೇ ಸೈಜು ಇರಲೇಬೇಕು.

ಟೈರ್ ಅಗಲ ಇದ್ದಷ್ಟೂ ಒಳ್ಳೆಯದು ಅನ್ನುವವರು ಜಾಸ್ತಿ. ನಾನು ಒಪ್ಪೋದಿಲ್ಲ. ಈ ಕಾರಿಗೆ ಪವರ್ ಸ್ಟೀರಿಂಗ್ ಇಲ್ಲ, ಟೈರ್ ಅಗಲವಾದರೆ ತಿರುವಿನಲ್ಲಿ ಕೈ ನೋಯುತ್ತದೆ. ರಸ್ತೆ ಮೇಲೆ ನೀರು ನಿಂತಾಗ ಕಿರಿದಾದ ಟೈರ್ ನೀರನ್ನು ಸೀಳಿಕೊಂಡು ಹೋಗುತ್ತದೆ, ಅಗಲದ್ದು ಬೇಗ ತೇಲುತ್ತದೆ. ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆಯಲ್ಲಿ ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗಿ ಬಂದೆ. ಸ್ಟೀರಿಂಗ್ ಹಗುರ, ಪ್ರತಿ ತಿರುವಿನಲ್ಲೂ ರಸ್ತೆ ಹೇಗಿದೆ ಅಂತ ಕೈಗೇ ಗೊತ್ತಾಗುತ್ತಿತ್ತು. ಮನೆಗೆ ಬಂದು ನಟ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಿದೆ, ಟಾರ್ಚ್ ಹಿಡಿದು ಎಡಗಡೆ ಮಡ್‌ಗಾರ್ಡಿನ ಅಂಚು ನೋಡಿದೆ. ಹೊಸ ಟೈರ್ ಹಾಕಿದ ದಿನ ಬಳಿದಿದ್ದ ಸುಣ್ಣ ಮಳೆನೀರಿಗೆ ತೊಳೆದುಹೋಗಿತ್ತು, ಕೆಳಗಿನ ಬಣ್ಣದ ಮೇಲೆ ಒಂದು ಗೀರೂ ಇರಲಿಲ್ಲ.