ಗೋಡೆ ಕೊಡಲಾರದ ಮರೆ: ನಂದಿಬಟ್ಟಲನ್ನು ಮರ ಮಾಡಿದ್ದು

ಕೋಲಾರದಲ್ಲಿ ನಮ್ಮದು 30–40ರ ಸೈಟು. ಪಕ್ಕದಲ್ಲಿ ಮನೆ ಎದ್ದು, ಮೊದಲ ಮಹಡಿಯ ಕಿಟಕಿ ಇತ್ತ ತೆರೆದ ಮೇಲೆ ಬಟ್ಟೆ ಒಗೆಯುವ ಕಲ್ಲು, ಅಮ್ಮ ಸೊಪ್ಪು ಬಿಡಿಸುವ ಜಗಲಿ ಎಲ್ಲವೂ ಬಟಾಬಯಲಾಯಿತು. ಕಾಂಪೌಂಡ್ ಎತ್ತರಿಸು ಅಂದವರೇ ಎಲ್ಲ. ಗಾಳಿ ಬೆಳಕು ಎರಡೂ ಹೋಗುತ್ತಿತ್ತು, ನೆರೆಯವರ ಜೊತೆಗಿನ ಮಾತೂ ಹೋಗುತ್ತಿತ್ತು.

ಜಗಲಿಯಿಂದ ಆ ಕಿಟಕಿಯತ್ತ ಒಂದು ಹಗ್ಗ ಎಳೆದು ನೋಡಿದೆ. ಗೋಡೆಯ ನೇರಕ್ಕೆ ಹಗ್ಗ ಹಾಯ್ದದ್ದು 8 ಅಡಿ ಎತ್ತರದಲ್ಲಿ. ಕೆಳಗಿನ 5 ಅಡಿಯನ್ನು ಗೋಡೆಯೇ ನೋಡಿಕೊಳ್ಳುತ್ತದೆ. ಎಲೆ ಬೇಕಿದ್ದದ್ದು ಅದರ ಮೇಲೆ, 10 ಅಡಿಯವರೆಗೆ. ಅದೇ ಮೂಲೆಯಲ್ಲಿ ಪೂಜೆಗೆಂದು ನೆಟ್ಟ ಹಳೆಯ ನಂದಿಬಟ್ಟಲು ಪೊದೆಯಾಗಿ ಹರಡಿತ್ತು. ವರ್ಷವಿಡೀ ಹಸಿರು, ಆದರೆ ಎಲೆಯೆಲ್ಲ ಗೋಡೆಯ ಮಟ್ಟದಲ್ಲೇ.

ನರ್ಸರಿಯಲ್ಲಿ ಫೈಕಸ್ (ಆಲದ ಜಾತಿಯ ಗಿಡ) ಹಾಕಿ ಅಂದಿದ್ದರು. ಸಂಪಿನ ಪಕ್ಕ ಫೈಕಸ್ ಬೇರು ಬಿಡುವುದಕ್ಕೆ ನನಗೆ ಧೈರ್ಯವಿಲ್ಲ. ಕಣಗಿಲೆ ಬೇಗ ಬೆಳೆಯುತ್ತದೆ, ಆದರೆ ಅದರ ಎಲೆ, ಕಾಂಡ ಎಲ್ಲವೂ ವಿಷ, ಮನೆಯಲ್ಲಿ ಮಗುವಿದೆ.

ಅದಕ್ಕೇ ಇದ್ದ ನಂದಿಬಟ್ಟಲನ್ನೇ ಮರವಾಗಿ ಎತ್ತರಿಸೋಣವೆಂದು ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಕೈ ಹಾಕಿದೆ. ಬೇಸಿಗೆಯಲ್ಲಿ ಕಡಿದರೆ ಗಿಡ ಸೊರಗುತ್ತದೆ. ಬುಡದಲ್ಲಿ ಎದ್ದಿದ್ದ ಕಾಂಡಗಳಲ್ಲಿ ನೆಟ್ಟಗಿರುವ, ಒಂದಕ್ಕೊಂದು ಉಜ್ಜದ 3 ಕಾಂಡ ಆರಿಸಿದೆ. ಒಂದೇ ಕಾಂಡ ಬಿಟ್ಟರೆ ನೋಡಲು ಚೆಂದ, ಆದರೆ ಮರೆಗೆ ಮೂರಿದ್ದರೆ ನೆತ್ತಿ ಅಗಲವಾಗುತ್ತದೆ. ಉಳಿದವನ್ನು ಗರಗಸದಿಂದ ಬುಡಕ್ಕೇ ತೆಗೆದೆ, ಅದೂ ಒಂದೇ ಸಲಕ್ಕಲ್ಲ. ಒಂದು ಸಲಕ್ಕೆ ಗಿಡದ ಮೂರನೇ ಒಂದು ಪಾಲಿಗಿಂತ ಹೆಚ್ಚು ಹಸಿರು ತೆಗೆಯಬಾರದು. ಮಿಕ್ಕದ್ದು ಮುಂದಿನ ಮಳೆಗಾಲಕ್ಕೆ.

ಉಳಿಸಿಕೊಂಡ ಕಾಂಡಗಳ ಕೆಳಭಾಗದ ಸಣ್ಣ ರೆಂಬೆಗಳನ್ನೆಲ್ಲ ಬೋಳಿಸುವ ಆಸೆ ಯಾರಿಗೂ ಆಗುತ್ತದೆ. ತಡೆಯಿರಿ. ಕಾಂಡ ದಪ್ಪವಾಗುವುದೇ ಆ ಎಲೆಗಳು ಉಣಿಸುವ ಆಹಾರದಿಂದ. ಅವುಗಳ ತುದಿ ಮಾತ್ರ ಚಿವುಟಿ, ಕಾಂಡ ಗಟ್ಟಿಯಾದಂತೆ ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ತೆಗೆಯಬೇಕು. ಕತ್ತರಿಸುವಾಗ ರೆಂಬೆ ಕಾಂಡಕ್ಕೆ ಸೇರುವಲ್ಲಿ ಇರುವ ಉಬ್ಬಿಗೆ ಕಟರ್ ತಾಗಬಾರದು, ಮೋಟು ಕೂಡ ಉಳಿಯಬಾರದು; ಗಾಯ ಮುಚ್ಚುವುದು ಆ ಉಬ್ಬಿನಿಂದಲೇ. ಹಾಲಿನಂಥ ಸೊನೆ ಸುರಿಯುತ್ತದೆ, ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ. ಬೋಳಾದ ಕಾಂಡಕ್ಕೆ ಪಡುವಣ ಬಿಸಿಲು ನೇರ ಹೊಡೆಯುತ್ತಿದ್ದರಿಂದ ತೆಳ್ಳಗೆ ಸುಣ್ಣ ಬಳಿದೆ.

ಈ ಗಿಡದ ಕವಲುಗಳು ಎರಡೆರಡಾಗಿ ಒಡೆಯುತ್ತವೆ. ನನಗೆ ಕೆಲಸಕ್ಕೆ ಬಂದದ್ದು ಆ ಗುಣವೇ. ಕಾಂಡ 7 ಅಡಿ ದಾಟಿದಾಗ ತುದಿ ಚಿವುಟಿದೆ, ಚಿವುಟಿದ ಜಾಗದ ಕೆಳಗಿನಿಂದ ಜೋಡಿ ಚಿಗುರು ಬಂತು. ಅವು ಗೇಣುದ್ದ ಆದಾಗ ಮತ್ತೆ ಚಿವುಟಿದೆ. ಹೀಗೆಯೇ ನೆತ್ತಿ ದಟ್ಟವಾಯಿತು. ಬುಡದಲ್ಲಿ ಮಾತ್ರ ಚಿಗುರು ನಿಲ್ಲುವುದೇ ಇಲ್ಲ. ಎಳೆಯದಿದ್ದಾಗ ಬೆರಳಲ್ಲೇ ಉಜ್ಜಿ ತೆಗೆದರೆ ಕಟರ್ ಬೇಡ.

ನಮ್ಮ ಬೋರ್‌ವೆಲ್ ನೀರು ಗಡಸು, ಅಂಥ ನೀರಿಗೆ ಗಿಡಕ್ಕೆ ಕಬ್ಬಿಣ ದಕ್ಕುವುದು ಕಡಿಮೆ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ ಎಂದು ಲೆಕ್ಕ. ಕೊಟ್ಟಿಗೆ ಗೊಬ್ಬರ, ತರಗೆಲೆಯ ಹೊದಿಕೆ ಕೊಟ್ಟೆ. ನೀರಿನ ಫಿಲ್ಟರ್ ಹೊರಗೆ ಬಿಡುವ ನೀರನ್ನು ಮಾತ್ರ ಬುಡಕ್ಕೆ ಹಾಕಬೇಡಿ, ಅದರಲ್ಲಿ ಉಪ್ಪು ಇನ್ನೂ ಹೆಚ್ಚು. ನೆಲದ ಮೇಲೆ ಕಪ್ಪು ಹಿಕ್ಕೆ ಕಂಡರೆ ತಲೆಯೆತ್ತಿ ನೋಡಿ: ಬೆರಳುಗಾತ್ರದ ಹಸಿರು ಹುಳು, ತಲೆಯ ಬಳಿ ನೀಲಿ ಕಣ್ಣಿನಂಥ ಚುಕ್ಕೆ. ಕಣಗಿಲೆಯನ್ನೂ ತಿನ್ನುವ ಹುಳುವೇ ಅದು, ಒಂದು ಪತಂಗದ ಮರಿ. ಔಷಧಿ ಹೊಡೆಯಲಿಲ್ಲ, ಕೈಯಲ್ಲೇ ಆರಿಸಿದೆ.

ಅಮ್ಮನ ತಕರಾರು ಬೇರೆ. "ಹೂವೆಲ್ಲ ಮುಗಿಲಿಗೆ ಏರಿಸಿಬಿಟ್ಟೆಯಲ್ಲೋ, ಉದುರಿದ್ದನ್ನ ದೇವರಿಗೆ ಇಡಕ್ಕಾಗುತ್ತಾ?" ದೋಟಿಯಲ್ಲಿ ಎಳೆದರೆ ಮೊಗ್ಗೂ ಬರುತ್ತೆ ಅಂತ ಅದೂ ಬೇಡವಂತೆ. ಕಡಿದ ಕಡ್ಡಿಗಳಲ್ಲಿ ಪೆನ್ಸಿಲ್ ದಪ್ಪದವನ್ನು ಆರಿಸಿ ನೆರಳಲ್ಲಿ ಮಣ್ಣಿಗೆ ಚುಚ್ಚಿದ್ದೆ. ಬೇರು ಬಿಟ್ಟದ್ದರಲ್ಲಿ ಒಂದನ್ನು ತುಳಸಿ ಕಟ್ಟೆಯ ಪಕ್ಕ ನೆಟ್ಟಿದ್ದೇನೆ. ಅದಕ್ಕೆ ಕಟರ್ ಮುಟ್ಟಿಸಕೂಡದು ಅಂತ ಅಪ್ಪಣೆಯಾಗಿದೆ.