ನಿಯೋವಿಮ್: ಲ್ಯಾಂಗ್ವೇಜ್ ಸರ್ವರ್ ಬೇಕಾದ ಕಡೆ ಮಾತ್ರ ಶುರುವಾಗಲಿ
ಲ್ಯಾಂಗ್ವೇಜ್ ಸರ್ವರ್ ಎಂದರೆ ಕೋಡಿನ ತಪ್ಪು ತೋರಿಸುವಂಥ ಕೆಲಸಗಳಲ್ಲಿ ಎಡಿಟರ್‌ಗೆ ನೆರವಾಗುವ ಪ್ರೋಗ್ರಾಂ. ನಿಯೋವಿಮ್ ಎಡಿಟರಿನ 0.11 ಅಥವಾ ಅದಕ್ಕಿಂತ ಹೊಸದು ಬಳಸುತ್ತಿದ್ದರೆ, ಸರ್ವರ್ ಕಾನ್ಫಿಗ್‌ನಲ್ಲಿ ‘ರೂಟ್_ಡಿರ್’ಗೆ (root_dir, ಪ್ರಾಜೆಕ್ಟಿನ ಮೂಲ ಫೋಲ್ಡರ್) ಫೋಲ್ಡರ್ ಹೆಸರಿನ ಬದಲು ಒಂದು ಫಂಕ್ಷನ್ ಕೊಡಿ. ಅದರ ಕೈಗೆ ಬಫರ್ (ತೆರೆದಿರುವ ಫೈಲ್) ನಂಬರ್ ಜೊತೆ, ಬೇಕಾದಾಗ ಕರೆಯಬಹುದಾದ ಇನ್ನೊಂದು ಫಂಕ್ಷನ್, ಅಂದರೆ ಒಂದು ಕಾಲ್‌ಬ್ಯಾಕ್ ಸಿಗುತ್ತದೆ. ಆ ಕಾಲ್‌ಬ್ಯಾಕ್ ಕರೆದರೆ ಮಾತ್ರ ಸರ್ವರ್ ಶುರುವಾಗುತ್ತದೆ, ಸುಮ್ನೆ ಬಿಟ್ಟರೆ ಇಲ್ಲ. ಉದಾಹರಣೆಗೆ, ಫೈಲಿನ ಪಾತ್‌ನಲ್ಲಿ ‘ನೋಡ್_ಮಾಡ್ಯೂಲ್ಸ್’ (node_modules, ಹೊರಗಿನ ಲೈಬ್ರರಿಗಳ ಫೋಲ್ಡರ್) ಇದ್ದರೆ ಅಲ್ಲೇ ರಿಟರ್ನ್ ಮಾಡಿ. ಇಲ್ಲದಿದ್ದರೆ ಪ್ರಾಜೆಕ್ಟಿನ ಗಿಟ್ ರೂಟನ್ನು ಕಾಲ್‌ಬ್ಯಾಕ್‌ಗೆ ಕೊಡಿ. ಲೈಬ್ರರಿಯ ಕೋಡನ್ನು ಒಮ್ಮೆ ಇಣುಕಿ ನೋಡಲು ಸರ್ವರ್ ಬೇಕಿಲ್ಲ, ಅಲ್ವಾ? ಮೂಲ ಫೋಲ್ಡರನ್ನು ಗುರುತಿಸುವ ಫೈಲ್ ಹೆಸರುಗಳ ‘ರೂಟ್_ಮಾರ್ಕರ್ಸ್’ (root_markers) ಪಟ್ಟಿ ಮಾತ್ರ ಆಮೇಲೆ ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ರೂಟ್ ಹುಡುಕುವ ಕೆಲಸವೂ ನಿಮ್ಮ ಫಂಕ್ಷನ್ನಿನದೇ. ಆಗಲೇ ಓಡುತ್ತಿರುವ ಸರ್ವರನ್ನು ಇದು ನಿಲ್ಲಿಸುವುದಿಲ್ಲ, ಅದಕ್ಕೆ ಎಡಿಟರ್ ಮುಚ್ಚಿ ತೆರೆದರೆ ಸಾಕು. ಯಾವುದಾದರೂ ಪ್ಲಗಿನ್ ತಾನೇ ಶುರು ಮಾಡುವ ಸರ್ವರ್‌ಗಳಿಗೂ ಇದು ತಾಗುವುದಿಲ್ಲ. ಅವುಗಳನ್ನು ಆ ಪ್ಲಗಿನ್‌ನ ಸೆಟ್ಟಿಂಗ್‌ನಲ್ಲೇ ತಡೆಯಬೇಕು.