ಬೆಂಗಳೂರಿನಿಂದ ದೆಹಲಿಗೆ: ವಿಮಾನದ ದೂರವನ್ನೂ ಸಮಯವನ್ನೂ ಲೆಕ್ಕ ಹಾಕುವ ಬಗೆ

ಬೆಂಗಳೂರಿನಿಂದ ದೆಹಲಿಗೆ ಎಷ್ಟು ದೂರ ಎಂದು ಕೇಳಿದರೆ ಒಬ್ಬರು 1,700 ಕಿಲೋಮೀಟರ್ ಎನ್ನುತ್ತಾರೆ, ಇನ್ನೊಬ್ಬರು 2,100ಕ್ಕೂ ಹೆಚ್ಚು ಎನ್ನುತ್ತಾರೆ. ಇಬ್ಬರ ಮಾತೂ ಸರಿಯೇ. ಎರಡನೆಯದು ಹೈದರಾಬಾದ್, ನಾಗಪುರ, ಝಾನ್ಸಿ, ಆಗ್ರಾಗಳನ್ನು ಹಾದು ಹೋಗುವ ರಾಷ್ಟ್ರೀಯ ಹೆದ್ದಾರಿ 44ರ ಅಳತೆ. ಮೊದಲನೆಯದು ಆಕಾಶದ ನೇರ ಹಾದಿಯದು. ವಿಮಾನದ ಸಮಯ ತಿಳಿಯಬೇಕಾದವರು ನೇರ ಹಾದಿಯ ಅಂಕಿಯನ್ನೇ ಹಿಡಿಯಬೇಕು.

ಈ ಅಂಕಿಯನ್ನು ಶಾಲೆಯ ಭೂಪಟ ಮುಂದಿಟ್ಟುಕೊಂಡು ನಾವೇ ಕಂಡುಕೊಳ್ಳಬಹುದು. ಎರಡೂ ಊರುಗಳು ಹೆಚ್ಚುಕಡಿಮೆ 77 ಡಿಗ್ರಿ ಪೂರ್ವ ರೇಖಾಂಶದ ಆಸುಪಾಸಿನಲ್ಲಿಯೇ ಇರುವುದರಿಂದ ಅಕ್ಷಾಂಶಗಳ ವ್ಯತ್ಯಾಸವೊಂದೇ ಸಾಕು. ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣ 13.2 ಡಿಗ್ರಿಯಲ್ಲಿದೆ, ದೆಹಲಿಯ ಇಂದಿರಾ ಗಾಂಧಿ ನಿಲ್ದಾಣ 28.6 ಡಿಗ್ರಿಯಲ್ಲಿದೆ, ವ್ಯತ್ಯಾಸ 15.4. ಒಂದು ಡಿಗ್ರಿ ಅಕ್ಷಾಂಶಕ್ಕೆ ಸುಮಾರು 111 ಕಿಲೋಮೀಟರ್ ಆಗುವುದರಿಂದ, ಗುಣಿಸಿದರೆ ಸುಮಾರು 1,710 ಕಿಲೋಮೀಟರ್ ಬರುತ್ತದೆ.

ಪೂರ್ವ–ಪಶ್ಚಿಮವಾಗಿ ದೂರವಿರುವ ಊರುಗಳಿಗೆ ಈ ಸುಲಭ ಲೆಕ್ಕ ಒದಗುವುದಿಲ್ಲ. ಅಂತಹ ಕಡೆ ಗ್ಲೋಬಿನ ಮೇಲೆ ಒಂದು ದಾರವನ್ನು ಬಿಗಿಯಾಗಿ ಎಳೆದು ನೋಡುವುದು ಒಳ್ಳೆಯದು. ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ನಡುವೆ ಎಳೆದರೆ ದಾರ ಸಾಗರದ ಮೇಲೆ ಅಡ್ಡಲಾಗಿ ಹೋಗದೆ ಉತ್ತರ ಧ್ರುವದ ಹತ್ತಿರಕ್ಕೆ ಏರುತ್ತದೆ. 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಏರ್ ಇಂಡಿಯಾದ ಮೊದಲ ನೇರ ವಿಮಾನ ಅಲ್ಲಿಂದ ಬೆಂಗಳೂರಿಗೆ ಬಂದದ್ದು ಈ ಧ್ರುವದ ಹಾದಿಯಲ್ಲೇ.

ಇನ್ನು ಸಮಯ. ಜೆಟ್ ವಿಮಾನ ಮೇಲೇರಿದ ಮೇಲೆ ಗಂಟೆಗೆ 800ರಿಂದ 850 ಕಿಲೋಮೀಟರ್ ವೇಗದಲ್ಲಿ ಹಾರುತ್ತದೆಯಾದ್ದರಿಂದ 1,710 ಕಿಲೋಮೀಟರಿಗೆ ಎರಡು ಗಂಟೆ ಚಿಲ್ಲರೆ ಸಾಕೆನಿಸುತ್ತದೆ. ಆದರೆ ಏರುವಾಗಲೂ ಇಳಿಯುವಾಗಲೂ ವೇಗ ಕಡಿಮೆ. ರನ್‌ವೇಯವರೆಗೆ ಸಾಗಲು, ಸರದಿಗಾಗಿ ಕಾಯಲು, ಇಳಿದ ಮೇಲೆ ಗೇಟಿಗೆ ತಲುಪಲು ಮತ್ತಷ್ಟು ಹೊತ್ತು ಹಿಡಿಯುತ್ತದೆ. ಇದಕ್ಕೆಲ್ಲ ಅರ್ಧದಿಂದ ಮುಕ್ಕಾಲು ಗಂಟೆ ಸೇರಿಸಿದರೆ ಟಿಕೆಟ್ಟಿನಲ್ಲಿ ಕಾಣುವ ಎರಡೂಮುಕ್ಕಾಲು ಗಂಟೆ ಸಿಗುತ್ತದೆ. ಟಿಕೆಟ್ಟಿನ ಸಮಯ ಗೇಟಿನಿಂದ ಗೇಟಿಗೆ ಎಣಿಸಿದ್ದು ಎಂಬುದನ್ನು ನೆನಪಿಡಬೇಕು.

ನಿಜವಾಗಿ ಜನರು ಎಡವುವುದು ನೆಲದ ಮೇಲಿನ ಲೆಕ್ಕದಲ್ಲಿ. ಬೆಳಿಗ್ಗೆ 10ಕ್ಕೆ ಹೊರಡುವ ವಿಮಾನಕ್ಕೆ ಜಯನಗರದವರು 6ಕ್ಕೆಲ್ಲ ಮನೆ ಬಿಡುವುದು ಕ್ಷೇಮ: ರಸ್ತೆಗೆ ಎರಡು ಗಂಟೆ, ಲಗೇಜು ಮತ್ತು ಭದ್ರತಾ ತಪಾಸಣೆಗೆ ಎರಡು ಗಂಟೆ. ದೆಹಲಿಯಲ್ಲಿ 12.45ಕ್ಕೆ ಇಳಿದು, ಪೆಟ್ಟಿಗೆ ತೆಗೆದುಕೊಂಡು, ಏರ್‌ಪೋರ್ಟ್ ಮೆಟ್ರೋ ಹಿಡಿದು ನವದೆಹಲಿ ನಿಲ್ದಾಣಕ್ಕೆ ಬರುವಾಗ ಮಧ್ಯಾಹ್ನ 2 ಆಗಿರುತ್ತದೆ. ಎರಡೂಮುಕ್ಕಾಲು ಗಂಟೆಯ ಹಾರಾಟಕ್ಕೆ ಎಂಟು ಗಂಟೆಯ ಪ್ರಯಾಣ.

ಡಿಸೆಂಬರ್, ಜನವರಿಯಲ್ಲಿ ದೆಹಲಿಯ ದಟ್ಟ ಮಂಜಿನಿಂದ ಮುಂಜಾನೆಯ ವಿಮಾನಗಳು ಆಗಾಗ ತಡವಾಗುತ್ತವೆ. ಆ ತಿಂಗಳುಗಳಲ್ಲಿ ಏಮ್ಸ್ ಆಸ್ಪತ್ರೆಯ ಭೇಟಿಯೋ ಸಂದರ್ಶನವೋ ಇರುವವರು ಅದೇ ದಿನದ ವಿಮಾನವನ್ನು ನೆಚ್ಚದೆ ಹಿಂದಿನ ದಿನ ಮಧ್ಯಾಹ್ನದ ವಿಮಾನಕ್ಕೇ ಟಿಕೆಟ್ ಮಾಡಿಸಬೇಕು.